ಕತ್ತರಿಸಬಾರದ ವೈರು

ಗೇಮ್ ಆಡುವವರಿಗೆ ಹೆಡ್‌ಸೆಟ್, ಕೀಬೋರ್ಡ್ ತಯಾರಿಸುವ ಕಂಪನಿಯೊಂದರ ಕೊಯಮತ್ತೂರು ಸರ್ವಿಸ್ ಸೆಂಟರಿನಲ್ಲಿ ನನ್ನ ಕೆಲಸ. ಕೆಟ್ಟದ್ದರ ವೈರು ಕತ್ತರಿಸಿ ಫೋಟೊ ಕಳಿಸಿದವರಿಗಷ್ಟೇ ಹೊಸದು ಕೊಡುವುದು ನಮ್ಮ ನಿಯಮ. ಹೆಡ್‌ಸೆಟ್ ಕೆಟ್ಟಿದೆಯೆಂದು ದೂರು ಕೊಟ್ಟಿದ್ದ ಹತ್ತಿರದ ಅವಿನಾಶಿ ಊರಿನ ಯುವಕನೊಬ್ಬ ಫೋಟೊ ಕಳಿಸಿರಲಿಲ್ಲ. ಅವನ ನಂಬರಿಗೆ ಫೋನ್ ಮಾಡಿದರೆ ಅಕ್ಕ ಎತ್ತಿದರು. ನನ್ನ ಹರಕು ತಮಿಳು ಕೇಳಿ ಕನ್ನಡಕ್ಕೆ ತಿರುಗಿದರು.

“ತಂಬಿ, ನನ್ನ ತಮ್ಮ, ಹೋದ ವಾರ ಬೈಕಿಂದ ಬಿದ್ದು ತೀರ್ಕೊಂಡ, ಸಾರ್.”

“ಹೊಸದು ಕಳಿಸಲಾ?” ಎಂದುಬಿಟ್ಟೆ.

“ಹೊಸ್ದು ಬೇಡ. ಅವನು ಹಾಕ್ಕೊಂತಿದ್ದಿದ್ದು ಇದು. ಸರಿ ಮಾಡಿಕೊಡಿ. ಕತ್ತರಿಸೋದು ಮಾತ್ರ ಬೇಡ.”

ರಿಪೇರಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಅವರು ತಂದುಕೊಟ್ಟ ದಿನ ಊಟದ ಬಿಡುವಿನಲ್ಲಿ ನಾನೇ ಬೆಸುಗೆ ಹಾಕಿದೆ. ಅಕ್ಕ ಅದನ್ನು ಕಿವಿಗಿಟ್ಟುಕೊಂಡೇ ಮನೆಗೆ ಹೊರಟರು.

ದೂರು ಮುಗಿಯಿತೆಂದು ನಮೂದಿಸಿದೆ. ಕಂಪ್ಯೂಟರು ತಾನಾಗಿಯೇ ತಂಬಿಯ ನಂಬರಿಗೆ ಸಂದೇಶ ಕಳಿಸಿ ಕೇಳಿತು: ನಮ್ಮ ಸೇವೆ ತೃಪ್ತಿ ತಂದಿತೇ?