ಎಂಬತ್ತಾರು ಬಿರುಕುಗಳ ಪಟ್ಟಿ

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಹಿಂಬಾಗಿಲಿನ ಎದುರು ಒಂದೇ ಒಂದು ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ಒಳಗೆ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಕಾಗದದ ಕಟ್ಟಿನ ಮೇಲೆ ಕುಳಿತ ಒಬ್ಬ ಗಿರಾಕಿ. ಪಕ್ಕದಲ್ಲೇ ಕುರ್ಚಿ ಇದೆ, ಒರಗಿ ಕೂರುವ ಸಮಾಧಾನ ಅವರಿಗಿಲ್ಲ. ಶಾಲೆಯೊಂದರ ವಿಜ್ಞಾನ ಮೇಷ್ಟ್ರು ಅವರು. ನೀರಿನ ಟ್ಯಾಂಕುಗಳು ಬಿರುಕು ಬಿಡುವ ಬಗೆಯ ಮೇಲೆ ಏಳು ವರ್ಷ ದುಡಿದು ಮಹಾಪ್ರಬಂಧ ಬರೆದಿದ್ದಾರೆ. ಇವತ್ತು ಹನ್ನೊಂದರೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು. ಏಳು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಚಿತ್ರಗಳ ಪಟ್ಟಿ ಒಂದು ಬಾಕಿ, ಅಷ್ಟೇ," ಎನ್ನುತ್ತಾರೆ ಮೇಷ್ಟ್ರು.

"ಇಲ್ಲಿಗೆ ಬರೋರೆಲ್ಲ 'ಅಷ್ಟೇ' ಅಂತಾನೇ ಬರೋದು ಸರ್," ಎಂದು ನಗುತ್ತಾರೆ ಕಂಪ್ಯೂಟರ್ ಮುಂದೆ ಕುಳಿತ ಪಟ್ಟಿ ಅಕ್ಕ.

ಈ ಹೆಸರು ಅವರಿಗೆ ಇಟ್ಟವರು ಸಂಶೋಧನಾ ವಿದ್ಯಾರ್ಥಿಗಳು. ವಯಸ್ಸು ಐವತ್ತೆರಡು, ಈ ಕೆಲಸಕ್ಕೆ ಹತ್ತೊಂಬತ್ತು ವರ್ಷ. ಪ್ರಬಂಧ ಒಪ್ಪಿಸುವ ತಿಂಗಳುಗಳಲ್ಲಿ ದಿನಕ್ಕೆ ಮುನ್ನೂರು ಪುಟ, ನೂರೈವತ್ತು ಚಿತ್ರ ಅವರ ಕೈ ದಾಟುತ್ತವೆ. ಚಿತ್ರದ ಕೆಳಗೆ ಜನ ಕೈಯಾರೆ ಸಂಖ್ಯೆ ಟೈಪ್ ಮಾಡಿಕೊಂಡು ಬರುತ್ತಾರೆ. ಮಾರ್ಗದರ್ಶಕರು ಮೂರನೆಯದನ್ನು ತೆಗೆಯಿರಿ ಎಂದರೆ ಮುಗಿಯಿತು, ಮುಂದಿನವೆಲ್ಲ ಅಡಿಮೇಲು. ಅಕ್ಕ ಆ ಸಂಖ್ಯೆಗಳನ್ನೆಲ್ಲ ಅಳಿಸಿ, ಪ್ರತಿ ಚಿತ್ರಕ್ಕೂ ಕಂಪ್ಯೂಟರಿನ ಮೂಲಕವೇ ಶೀರ್ಷಿಕೆ ಕೊಡುತ್ತಾರೆ. ಆಮೇಲೆ ಒಂದು ಕ್ಲಿಕ್ ಸಾಕು, ಪುಟಸಂಖ್ಯೆ ಸಮೇತ ಪಟ್ಟಿ ತಾನೇ ಮೂಡುತ್ತದೆ.

"ನಾವು ಪರಿಚಯ ಮಾಡಿಕೊಟ್ಟೋರನ್ನ ಅದು ಮರೆಯಲ್ಲ. ಪರಿಚಯ ಇಲ್ದೆ ಇರೋರ ಮುಖಾನೂ ನೋಡಲ್ಲ," ಎನ್ನುವುದು ಕಂಪ್ಯೂಟರ್ ಬಗ್ಗೆ ಅಕ್ಕನ ಅಭಿಪ್ರಾಯ.

ಮೇಷ್ಟ್ರ ಚಿತ್ರಗಳಿಗೆ ನಿನ್ನೆಯೇ ಶೀರ್ಷಿಕೆ ಕೊಟ್ಟಾಗಿದೆ. ಪಟ್ಟಿ ಅರೆಗಳಿಗೆಯಲ್ಲಿ ಸಿದ್ಧ. ಬೇರೆ ಅಂಗಡಿಯಲ್ಲಾದರೆ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಇಲ್ಲಿ ಆಗ ಒಳಕೋಣೆಯಿಂದ ಕನ್ನಡಕ ಒರೆಸಿಕೊಳ್ಳುತ್ತಾ ಅಕ್ಕನ ಅತ್ತೆ ಬರುತ್ತಾರೆ. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ನೇಯ್ಗೆಯ ದೋಷ ಹುಡುಕಿದ ಕಣ್ಣು ಅವರದು. ಅತ್ತೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ, ಸೊಸೆ ಕರಡು ಪ್ರತಿಯನ್ನು ಕೊನೆಯಿಂದ ಮೊದಲಿಗೆ ಮಗುಚುತ್ತಾ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ.

"ಬಟ್ಟೆ ಆದ್ರೂ ಅಷ್ಟೇ, ನೆಟ್ಟಗೆ ಹಿಡಿದ್ರೆ ಕಣ್ಣು ಮೋಸ ಹೋಗತ್ತೆ. ತಿರುಗಿಸಿ ಹಿಡೀಬೇಕು," ಎನ್ನುತ್ತಾರೆ ಅತ್ತೆ. ಸೊಸೆಯ ಅಡುಗೆಯಲ್ಲೂ ಅವರು ಹೀಗೆಯೇ ದೋಷ ಹುಡುಕುತ್ತಾರಂತೆ. ಇದು ಸೊಸೆಯ ದೂರು.

ಈ ಪದ್ಧತಿಯ ಹಿಂದೆ ಒಂದು ತಪ್ಪಿದೆ. ಕೆಲಸಕ್ಕಿಳಿದ ಮೊದಲ ವರ್ಷ, ಪಟ್ಟಿಯನ್ನು ಹೊಸದು ಮಾಡುವಾಗ ಅಕ್ಕ 'ಇಡೀ ಪಟ್ಟಿ' ಎಂಬುದರ ಬದಲು 'ಪುಟಸಂಖ್ಯೆ ಮಾತ್ರ' ಎಂಬುದನ್ನು ಒತ್ತಿದ್ದರು. ಹಳೆಯ ಶೀರ್ಷಿಕೆಗಳು ಹಾಗೆಯೇ ಉಳಿದು ಒಬ್ಬ ಹುಡುಗಿಯ ಪ್ರಬಂಧ ವಾಪಸ್ ಬಂತು. ಆಕೆ ಮತ್ತೆ ಆರು ತಿಂಗಳು ಕಾಯಬೇಕಾಯಿತು.

"ಬೈದಿದ್ರೆ ಮರೀತಿದ್ನೇನೋ. ಒಂದು ಮಾತೂ ಆಡ್ಲಿಲ್ಲ. ಮತ್ತೆ ಈ ಕಡೆ ಬರ್ಲೂ ಇಲ್ಲ," ಎನ್ನುವಾಗ ಅಕ್ಕನ ದನಿ ಇಂದಿಗೂ ಕುಗ್ಗುತ್ತದೆ.

ಎಂಟು ಗಂಟೆಯ ಹೊತ್ತಿಗೆ ಅತ್ತೆ "ನಲವತ್ತೇಳು, ಪುಟ ನೂರ ಮೂವತ್ನಾಲ್ಕು" ಎನ್ನುತ್ತಾರೆ. ಸರಿಯಿದೆ. "ನಲವತ್ತಾರು, ಪುಟ ನೂರ ಇಪ್ಪತ್ತೊಂಬತ್ತು." ಅಲ್ಲಿಗೆ ಮಗುಚುವ ದಾರಿಯಲ್ಲಿ, ನೂರ ಮೂವತ್ತೊಂದನೇ ಪುಟದಲ್ಲಿ ಅಕ್ಕನ ಕೈ ನಿಲ್ಲುತ್ತದೆ. ಅಲ್ಲೊಂದು ಬಿರುಕಿನ ಚಿತ್ರ, ಕೆಳಗೆ ಅದಕ್ಕೂ ನಲವತ್ತೇಳು! ಪಟ್ಟಿಯಲ್ಲಿ ಎಂಬತ್ತೈದು ಚಿತ್ರ, ಪ್ರಬಂಧದಲ್ಲಿ ಎಂಬತ್ತಾರು.

"ನಿನ್ನೆ ಸಂಜೆ ಫೈಲ್ ಮನೆಗೆ ತಗೊಂಡು ಹೋಗಿದ್ರಲ್ಲ ಸರ್, ಕೈಯಾರೆ ಸೇರಿಸಿದ್ರಾ?"

ಮೇಷ್ಟ್ರು ತಲೆ ತಗ್ಗಿಸುತ್ತಾರೆ. "ಒಂದೇ ಒಂದು ತಾನೆ? ಬಿಟ್ಬಿಡಿ ಅಕ್ಕ. ಪಟ್ಟಿ ಯಾರು ನೋಡ್ತಾರೆ?"

"ಪಟ್ಟೀಲಿ ಇಲ್ಲ ಅಂದ್ರೆ ಚಿತ್ರಾನೇ ಇಲ್ಲ ಅಂದ್ಕೋತಾರೆ. ಯಾವ ಟ್ಯಾಂಕ್ ಇದು?"

"ನಮ್ಮ ಶಾಲೇದು," ಎನ್ನುತ್ತಾರೆ ಮೇಷ್ಟ್ರು. "ಮಕ್ಕಳು ಅದರ ಕೆಳಗೇ ಆಡೋದು. ಇದನ್ನ ನೋಡಿದ ಮೇಲೇನೇ ನಾನು ಈ ಓದಿಗೆ ಇಳಿದಿದ್ದು. ಒಳ್ಳೆ ಫೋಟೋ ಸಿಕ್ಕಿದ್ದು ನಿನ್ನೆ."

ಅಕ್ಕ ಕಂಪ್ಯೂಟರಿನತ್ತ ತಿರುಗುತ್ತಾರೆ. ಆ ಚಿತ್ರಕ್ಕೆ ಸರಿಯಾಗಿ ಶೀರ್ಷಿಕೆ ಕೊಡುತ್ತಾರೆ. ಮುಂದಿನ ಮೂವತ್ತೊಂಬತ್ತು ಚಿತ್ರಗಳ ಸಂಖ್ಯೆ ಒಂದೊಂದು ಮುಂದೆ ಸರಿಯುತ್ತದೆ. ಬರಹದ ನಡುವೆ ಅವುಗಳನ್ನು ಹೆಸರಿಸಿದ ಕಡೆಯೆಲ್ಲ ತಿದ್ದಿ, 'ಇಡೀ ಪಟ್ಟಿ' ಎಂಬುದನ್ನು ಗಟ್ಟಿಯಾಗಿ ಓದಿಕೊಂಡೇ ಒತ್ತುತ್ತಾರೆ. ಅತ್ತೆ ಮತ್ತೆ ಕೆಳಗಿನಿಂದ ಶುರು ಮಾಡುತ್ತಾರೆ. ಮೇಷ್ಟ್ರು ಗಡಿಯಾರ ನೋಡುತ್ತಾರೆ, ಬಾಗಿಲು ನೋಡುತ್ತಾರೆ.

ಪಕ್ಕದ ಅಂಗಡಿಯಲ್ಲಿ ಬೈಂಡಿಂಗ್ ಮುಗಿದು ಪ್ರತಿಗಳು ಕೈಗೆ ಬಂದಾಗ ಹತ್ತೂ ಮುಕ್ಕಾಲು. ಮೇಷ್ಟ್ರು ಓಡುತ್ತಾರೆ, ಥ್ಯಾಂಕ್ಸ್ ಹೇಳಲು ಮರೆಯುತ್ತಾರೆ. ಹನ್ನೊಂದೂ ಐದಕ್ಕೆ ಅಕ್ಕನ ಫೋನಿಗೆ ಒಂದು ಫೋಟೋ ಬರುತ್ತದೆ: ಸ್ವೀಕೃತಿಯ ಮೊಹರು, ಹತ್ತು ಐವತ್ತೆಂಟು.

ಅಕ್ಕ ಅದನ್ನು ಅತ್ತೆಗೆ ತೋರಿಸಿ ಕೆಂಪು ಪೆನ್ಸಿಲ್ ಚೂಪು ಮಾಡಲು ಕೂರುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಬಹಳ ಯೋಚಿಸುವುದಿಲ್ಲ.

"ಎಂದಾದ್ರೂ ಯಾರೋ ಒಬ್ರು ಪಟ್ಟಿ ಮೇಲೆ ಬೆರಳಿಟ್ಟು ಆ ಪುಟ ತೆಗೀಬೇಕು. ಬಿರುಕು ಅಲ್ಲೇ ಇರ್ಬೇಕು. ಪಟ್ಟಿ ಮಾಡಿದೋರು ಯಾರು ಅನ್ನೋ ಯೋಚನೆ ಅವರಿಗೆ ಬರಬಾರ್ದು. ಬಂತು ಅಂದ್ರೆ ನಾನೆಲ್ಲೋ ತಪ್ಪಿದೀನಿ ಅಂತ."