ಬ್ರೇಕ್ ಮೇಷ್ಟ್ರು ಮನೆ ಏಜೆಂಟರನ್ನು ಹುಡುಕಿದ್ದು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಿಗೆ. ನಮ್ಮ ಬೀದಿಯ ಕೊನೆಯ ಮನೆಯವರು ಆ ಎರಡನೇ ಬ್ರೇಕ್ ಒತ್ತುತ್ತಲೇ ಅರ್ಧ ಆಯಸ್ಸು ಕಳೆದವರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಬ್ರೇಕ್ ಮೇಷ್ಟ್ರು. ಅವರು ಕೆಲಸ ಬಿಟ್ಟರೂ ಕಾಲು ಕೆಲಸ ಬಿಡಲಿಲ್ಲ. ಬಸ್ಸಿನಲ್ಲಾಗಲಿ, ಇನ್ನೊಬ್ಬರ ಕಾರಿನಲ್ಲಾಗಲಿ, ಎದುರಿಗೆ ಒಂದು ನಾಯಿ ಅಡ್ಡ ಬಂದರೆ ಸಾಕು, ಬಲಗಾಲು ತಾನಾಗಿ ನೆಲ ತುಳಿಯುತ್ತಿತ್ತು. ಟಿವಿಯಲ್ಲಿ ಕಾರು ಓಡುವುದನ್ನು ನೋಡುವಾಗಲೂ ತುಳಿಯುತ್ತಾರೆ ಎಂದು ಅವರ ಹೆಂಡತಿಯ ದೂರು.

ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು. ಮಾತು ಚುರುಕು, ಮುಲಾಜು ಕಡಿಮೆ. ಒಬ್ಬರ ಹೊರತು ಇನ್ಯಾರಿಗೂ ಅವರು ಹೆದರಿದ್ದನ್ನು ನಾನು ಕಂಡಿಲ್ಲ. ಆ ಒಬ್ಬರು ಯಾರೆಂದು ಮುಂದೆ ಬರುತ್ತದೆ.

ನಮ್ಮ ಬೀದಿ ಏರು. ಗಂಡ ಹೆಂಡತಿ ದಿನಾ ತರಕಾರಿ ಚೀಲ ಹಿಡಿದು, ಏನಾದರೊಂದು ವಿಷಯಕ್ಕೆ ಜಗಳವಾಡಿಕೊಂಡೇ ಏರು ಹತ್ತುತ್ತಿದ್ದರು. ಬರಬರುತ್ತಾ ಇಬ್ಬರಿಗೂ ಮಂಡಿ ನೋವು ಶುರುವಾಗಿ, ಹತ್ತುವಾಗ ಮಾತು ನಿಂತುಹೋಯಿತು. ಮಂಡಿಗಿಂತ ಹೆಚ್ಚಾಗಿ ಈ ಮೌನಕ್ಕೇ ಹೆಂಡತಿ ಗಾಬರಿಯಾಗಿದ್ದು. ಜಗಳಕ್ಕೂ ಉಸಿರಿಲ್ಲದ ಸಂಸಾರ ಯಾವ ಸಂಸಾರ ಎಂದು ಅವರ ವಾದ. ಊರ ಹೊರಗೆ ಸಮತಟ್ಟು ಜಾಗದಲ್ಲಿ ವಯಸ್ಸಾದವರಿಗೆಂದೇ ಕಟ್ಟಿದ ಬಡಾವಣೆಯೊಂದಿತ್ತು. ಐವತ್ತೈದು ದಾಟದವರಿಗೆ ಅಲ್ಲಿ ಮನೆ ಮಾರುವುದಿಲ್ಲ. ಮೆಟ್ಟಿಲು ಕಡಿಮೆ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಕಂಬಿ, ಕರೆದರೆ ಬರುವ ನರ್ಸು. ಮಗಳು ಅಳಿಯನೂ ಹೂಂ ಎಂದರು. ಇರುವ ಮನೆ ಮಾರಿ ಅಲ್ಲಿಗೆ ಹೋಗುವುದೆಂದಾಯಿತು.

ಇಷ್ಟು ಸಲೀಸಾಗಿ ಆಯಿತು. ಯಾರ ಮೂಲಕ ಕೊಳ್ಳುವುದು ಎಂಬಲ್ಲಿ ಗಂಟು ಬಿತ್ತು.

ಮೇಷ್ಟ್ರ ಬಾಮೈದನದು ಕನ್ನಡಕದ ಅಂಗಡಿ. ಅದರ ಜೊತೆಗೆ ಮನೆ ಕೊಡಿಸುವ ವ್ಯವಹಾರವನ್ನೂ ಇಟ್ಟುಕೊಂಡಿದ್ದ. ಮೇಷ್ಟ್ರ ಹೆಂಡತಿ ಹೆದರುತ್ತಿದ್ದ ಏಕೈಕ ವ್ಯಕ್ತಿ ಈ ತಮ್ಮ. ಗದರುವವನೇನಲ್ಲ, ಮುನಿಸಿಕೊಳ್ಳುವವನು. ಅಕ್ಕನ ಮಗಳ ಮದುವೆಯ ಫೋಟೋದಲ್ಲಿ ತನ್ನನ್ನು ಎರಡನೇ ಸಾಲಿನಲ್ಲಿ ನಿಲ್ಲಿಸಿದರೆಂದು ಮೊಮ್ಮಗು ಹುಟ್ಟುವವರೆಗೂ ಮನೆ ಮೆಟ್ಟಿಲು ತುಳಿದಿರಲಿಲ್ಲ. ಅಂಥವನು ಸುದ್ದಿ ಕಿವಿಗೆ ಬಿದ್ದ ಮಾರನೇ ಬೆಳಿಗ್ಗೆಯೇ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅವನು ತೋರಿಸಿದ ಮೊದಲ ಮನೆ ಮಹಡಿಯ ಮೇಲೆ. ಲಿಫ್ಟ್ ಇಲ್ಲ. ಮಂಡಿ ನೋವಿಗೆ ಮೆಟ್ಟಿಲಿಗಿಂತ ಒಳ್ಳೆಯ ಔಷಧಿ ಇಲ್ಲ ಎಂದ. ಎರಡನೆಯದು ನೀರು ಪಂಪು ಮಾಡುವ ಶೆಡ್ಡಿನ ಪಕ್ಕ. ಮೋಟಾರು ಗೊರ್ ಎನ್ನುತ್ತಿದ್ದರೆ ಮಗುವಿನ ಹಾಗೆ ನಿದ್ದೆ ಬರುತ್ತದಂತೆ. ಮೂರನೆಯದರ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಧೂಳು ಬರುವುದಿಲ್ಲವಲ್ಲ ಅಕ್ಕಾ ಎಂದ. ಮನೆಯಲ್ಲಿ ದೋಷ ಕಾಣುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ. ವಾಪಸು ಬರುವಾಗ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತು ಮುಂದಿನ ಸೀಟಿನ ಬೆನ್ನು ಒದೆಯುತ್ತಲೇ ಬಂದರು. ಅದು ಬ್ರೇಕೋ ಸಿಟ್ಟೋ ಹೆಂಡತಿಗೆ ತಿಳಿಯಲಿಲ್ಲ.

ತಮಗೆ ತಲೆನೋವೆಂದು ತಮ್ಮನಿಗೆ ಸುಳ್ಳು ಹೇಳಿ ದಂಪತಿ ಒಂದು ದಿನ ಕದ್ದು ಬಸ್ಸು ಹತ್ತಿ ಬಡಾವಣೆಯ ಆಫೀಸಿಗೇ ಹೋದರು. ಅಲ್ಲಿ ಕಂಪನಿಯದೇ ಏಜೆಂಟ್ ಒಬ್ಬ, ಟೈ ಕಟ್ಟಿದ ನಲವತ್ತರ ಮಹಾಶಯ. ವಯಸ್ಸಾದವರೆಂದರೆ ಕಿವುಡರು ಎಂದು ಯಾರೋ ತರಬೇತಿ ಕೊಟ್ಟಿದ್ದಿರಬೇಕು. ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಕೂಗಿ ಹೇಳುತ್ತಿದ್ದ. ಎಲ್ಲಿ ಹೊಸ್ತಿಲು ಬಂದರೂ ಮೇಷ್ಟ್ರ ಮೊಣಕೈಗೆ ಕೈ ಹಾಕುತ್ತಿದ್ದ. ಇಡೀ ಊರಿಗೆ ಗಾಡಿ ಕಲಿಸಿದ ತನ್ನನ್ನು ಈತ ಕೈಗಾಡಿಯ ಹಾಗೆ ತಳ್ಳುತ್ತಿದ್ದಾನಲ್ಲ ಎಂದು ಮೇಷ್ಟ್ರಿಗೆ ಒಳಗೇ ಕುದಿ.

ಮಾದರಿ ಮನೆ ಮಾತ್ರ ಕಣ್ಣಿಗೆ ಹಬ್ಬ. ಮಲಗುವ ಕೋಣೆ ಎಷ್ಟು ವಿಶಾಲವೆಂದರೆ ಹೆಂಡತಿ ಮನಸ್ಸಿನಲ್ಲೇ ಬೀರು ಎಲ್ಲಿಡುವುದು, ಹೊಲಿಗೆ ಯಂತ್ರ ಎಲ್ಲಿಡುವುದು ಎಂದು ಲೆಕ್ಕ ಹಾಕತೊಡಗಿದರು. ಮೇಷ್ಟ್ರಿಗೆ ಬಸ್ಸಿನ ಆಯಾಸ. ಒಂದು ನಿಮಿಷ ಎಂದು ಮಂಚದ ಮೇಲೆ ಅಡ್ಡಾದರು. ಪಾದವೆರಡೂ ಹೊರಗೆ. ಮೇಲಕ್ಕೆ ಸರಿದರು, ತಲೆ ಹಲಗೆಗೆ ಬಡಿಯಿತು. ಮೇಷ್ಟ್ರೇನು ತಾಳೆಮರವಲ್ಲ, ಹೆಂಡತಿಯ ಭುಜಕ್ಕಿಂತ ಒಂದು ಗೇಣು ಎತ್ತರ, ಅಷ್ಟೇ.

"ಅಂಕಲ್ ಸ್ವಲ್ಪ ಹೈಟು," ಎಂದ ಟೈಯವನು.

ಹೆಂಡತಿ ಕುರ್ಚಿಯ ಮೇಲೆ ಕೂತು ನೋಡಿದರು. ಮೊಣಕಾಲು ಎದೆಗೆ ಬಂತು. ಮೇಜು, ಬೀರು, ಕನ್ನಡಿ ಎಲ್ಲವೂ ಒಂದು ಅಳತೆ ಕಡಿಮೆ. ಕೋಣೆ ದೊಡ್ಡದಿರಲಿಲ್ಲ, ಸಾಮಾನು ಚಿಕ್ಕದಿತ್ತು. ಅವರು ಎದ್ದು, ಗಂಡನನ್ನು ಮಂಚದಿಂದ ಎಬ್ಬಿಸಿಕೊಂಡು ಹೊರಗೆ ಬಂದರು. ಹೊರಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು. ಆತನಿಗೆ ಸಂಬಳ ಕೊಡುವವರು ಮಾರುವವರು, ತಮ್ಮನಿಗೋ ಯಾವ ಮನೆ ಮಾರಿದರೂ ಸರಿ, ಹಾಗಾದರೆ ಕೊಳ್ಳುವವರ ಕಡೆ ಇರುವವರು ಯಾರು?

ಗೇಟಿನ ಹತ್ತಿರ ಬೆಂಚಿನ ಮೇಲೆ ಅಲ್ಲೇ ವಾಸವಿರುವ ಮುದುಕರೊಬ್ಬರು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಹೆಂಡತಿ ಹೋಗಿ ಪಕ್ಕದಲ್ಲಿ ಕೂತು, ನಿಮಗೆ ಮನೆ ಕೊಡಿಸಿದವರು ಯಾರು, ಈಗಲೂ ಅವರ ಮುಖ ನೋಡುತ್ತೀರಾ ಎಂದು ವಿಚಾರಿಸಿದರು. ತಮಗೆ ಕೊಡಿಸಿದವನ ಮುಖ ಆಮೇಲೆ ಕಂಡೇ ಇಲ್ಲ ಎಂದರು ಮುದುಕರು. ಆದರೆ ತಮ್ಮ ಪಕ್ಕದ ಮನೆಯಾಕೆಗೆ ಕೊಡಿಸಿದ ಹೆಂಗಸು ಮಾತ್ರ ಈಗಲೂ ಕಾಫಿಗೆ ಬಂದು ಹೋಗುತ್ತಾಳಂತೆ. ಕಾಫಿಗೆ ಬರುವ ಏಜೆಂಟ್ ಎಂದರೆ ಬೈಗುಳಕ್ಕೆ ಹೆದರದ ಏಜೆಂಟ್ ಎಂದು ಹೆಂಡತಿ ಅಲ್ಲೇ ಫೋನ್ ನಂಬರ್ ಪಡೆದರು.

ಆಕೆ ಬಂದದ್ದು ಮರುದಿನ. ಅರವತ್ತರ ಆಸುಪಾಸು, ಮೋಟು ಕೂದಲು, ಹೆಗಲಲ್ಲಿ ಅಳತೆ ಟೇಪು ಮತ್ತು ಟಾರ್ಚು ತುಂಬಿದ ಚೀಲ. ಮೇಷ್ಟ್ರನ್ನು ಒಂದು ಕ್ಷಣ ಹೆಚ್ಚೇ ನೋಡಿದಳು, ಆಮೇಲೆ ಕೂತಳು. ಮನೆಯ ವಿಷಯ ಎತ್ತಲೇ ಇಲ್ಲ. ಬೆಳಿಗ್ಗೆ ಮೊದಲು ಏಳುವವರು ಯಾರು, ಮಗಳು ಬಂದರೆ ಎಷ್ಟು ದಿನ ಇರುತ್ತಾಳೆ, ಇಬ್ಬರಲ್ಲಿ ಒಬ್ಬರೇ ಉಳಿದರೆ ಆ ಮನೆಯಲ್ಲೇ ಇರುತ್ತೀರಾ ಎಂದೆಲ್ಲ ಕೇಳಿದಳು. ಕೊನೆಯ ಪ್ರಶ್ನೆಗೆ ಇಬ್ಬರೂ ಸ್ವಲ್ಪ ಹೊತ್ತು ಕಾಫಿ ಲೋಟ ನೋಡಿದರು. ಗೊರಕೆ ಹೊಡೆಯುವವರು ಯಾರು ಎಂದಾಗ ಮಾತ್ರ ತಡವಾಗಲಿಲ್ಲ, ಇಬ್ಬರ ಬೆರಳೂ ಒಟ್ಟಿಗೆ ಎದ್ದು ಒಬ್ಬರನ್ನೊಬ್ಬರು ತೋರಿಸಿದವು. ಮೊಮ್ಮಕ್ಕಳು ವಾರಗಟ್ಟಲೆ ಉಳಿಯುವುದಕ್ಕೆ ಬಡಾವಣೆಯ ಕೆಲವು ಮನೆ ಸಾಲುಗಳಲ್ಲಿ ಅನುಮತಿ ಇಲ್ಲ, ಮುಂದೆ ಮನೆ ಮಾರುವುದಾದರೆ ಯಾರಿಗೆ ಮಾರಬಹುದು ಎಂಬುದಕ್ಕೂ ಕಟ್ಟಳೆ ಇದೆ, ಅದನ್ನೆಲ್ಲ ಮೊದಲೇ ತಿಳಿದುಕೊಳ್ಳಬೇಕು ಎಂದಳು. ತಾನು ಕೊಳ್ಳುವವರ ಕಡೆಯಿಂದ ಮಾತ್ರ ಕಮಿಷನ್ ತೆಗೆದುಕೊಳ್ಳುವುದು, ಮಾರುವವರ ಕಾಸು ಮುಟ್ಟುವುದಿಲ್ಲ ಎಂದೂ ಹೇಳಿದಳು.

ಮೇಷ್ಟ್ರಿಗೆ ಆಕೆ ಹಿಡಿಸಿದ್ದಳು, ಆಕೆಯ ಕಾರು ಹತ್ತುವವರೆಗೆ.

ಅಂಥ ಡ್ರೈವಿಂಗನ್ನು ಅವರು ಎಲ್ಲೋ ಒಮ್ಮೆ ಕಂಡಿದ್ದರು, ಎಲ್ಲಿ ಎಂದು ನೆನಪಾಗಲಿಲ್ಲ. ತಿರುವು ಬಂದರೆ ಮೊದಲು ತಿರುಗಿ ಆಮೇಲೆ ಸಿಗ್ನಲ್ ಹಾಕುತ್ತಿದ್ದಳು. ಮಾತಾಡುವಾಗ ಹಿಂದಕ್ಕೆ ತಿರುಗಿ ಮುಖ ನೋಡಿಯೇ ಮಾತಾಡುತ್ತಿದ್ದಳು. ಮೇಷ್ಟ್ರು ಕಾಲಿನಿಂದ ತುಳಿದು ತುಳಿದು ಕಾರಿನ ನೆಲದ ರಬ್ಬರ್ ಹಾಸು ಮುದ್ದೆಯಾಯಿತು. ಬಡಾವಣೆ ಮುಟ್ಟಿದಾಗ ಎರಡು ಕಾರು ನಿಲ್ಲುವ ಜಾಗದಲ್ಲಿ ತನ್ನ ಒಂದೇ ಕಾರನ್ನು ಅಡ್ಡ ನಿಲ್ಲಿಸಿ ಇಳಿದಳು. ಮೇಷ್ಟ್ರು ಹೆಂಡತಿಯ ಕೈ ಹಿಡಿದು, ಈಕೆ ಬೇಡ, ಗಾಡಿ ಓಡಿಸುವ ಹಾಗೇ ಜನ ಎಲ್ಲ ಕೆಲಸ ಮಾಡುವುದು ಎಂದು ಪಿಸುಗುಟ್ಟಿದರು.

"ನಮಗೆ ಬೇಕಾಗಿರೋದು ಮನೆ ಕಣ್ರೀ, ಡ್ರೈವರ್ ಅಲ್ಲ," ಎಂದರು ಹೆಂಡತಿ.

ಆ ದಿನ ನೋಡಿದ್ದು ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲಿನಲ್ಲಿ ನಡುವಿನ ಮನೆ. ನೆಲ ಮಟ್ಟದ್ದು, ಗಾಳಿ ಬೆಳಕು ಇದೆ, ಅಡುಗೆಮನೆಗೆ ಎರಡು ಕಿಟಕಿ. ಹೆಂಡತಿಯ ಮುಖ ಅರಳಿತು. ಏಜೆಂಟ್ ಹೆಂಗಸು ನಲ್ಲಿ ತಿರುಗಿಸಿದಳು, ಸಿಂಕಿನ ಕೆಳಗೆ ಟಾರ್ಚು ಬಿಟ್ಟಳು, ಆಮೇಲೆ ನೀವಿಬ್ಬರೂ ಮಲಗುವ ಕೋಣೆಯಲ್ಲೇ ಸದ್ದು ಮಾಡದೆ ಇರಿ ಎಂದು ಹೇಳಿ ಪಕ್ಕದ ಮನೆಯ ಬಾಗಿಲು ತಟ್ಟಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯ ಆ ಕಡೆಯಿಂದ ಮಾತು ಶುರುವಾಯಿತು. ಕೂಗೇನಲ್ಲ, ಇಬ್ಬರು ಹೆಂಗಸರು ಕೂತು ಆಡುವಂಥ ಮಾಮೂಲಿ ದನಿ. ರೇಡಿಯೋ ಇಟ್ಟ ಹಾಗೆ ಒಂದೊಂದು ಅಕ್ಷರವೂ ಈ ಕಡೆಗೆ ಬಿತ್ತು.

"ಹೆಂಡತಿ ಬಂಗಾರ. ಗಂಡ ಇದ್ದಾರಲ್ಲ, ಅವರೇ ನಂಗೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು. ಮೂರು ಸಲ ಟೆಸ್ಟಲ್ಲಿ ಫೇಲಾದೆ. ಮೂರನೇ ಸಲ ಏನಂದ್ರು ಗೊತ್ತಾ? ಅಮ್ಮಾ, ನೀವು ಬಸ್ಸಲ್ಲೇ ಓಡಾಡಿ, ಊರಿಗೆ ಪುಣ್ಯ ಬರುತ್ತೆ ಅಂದ್ರು. ಈಗ ನನ್ನ ಕಾರಲ್ಲಿ ಕೂತು ಹೇಗೆ ಒದ್ದಾಡ್ತಾ ಇದ್ರು ಅಂತೀರಾ. ನಂಗೆ ನಗು ತಡೆಯೋಕೇ ಆಗಲಿಲ್ಲ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡರು. ಆಗಲಿಲ್ಲ. ಗೋಡೆಗೆ ಒರಗಿ, ಜಾರಿ, ಬರಿ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮೇಷ್ಟ್ರಿಗೆ ಎಲ್ಲ ನೆನಪಾಯಿತು. ಆಗ ಉದ್ದ ಜಡೆ ಇತ್ತು, ಸಿಗ್ನಲ್ ಬಿಟ್ಟು ವೈಪರ್ ಹಾಕುತ್ತಿದ್ದ ಹುಡುಗಿ. ಕಿವಿ ಕೆಂಪಾಯಿತು. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಂತರು.

ಆಕೆ ವಾಪಸು ಬಂದು, ಕೇಳಿಸಿತಾ ಎಂದು ಕೇಳಿದಳು. ಎಲ್ಲಾ ಕೇಳಿಸಿತು ಎಂದರು ಹೆಂಡತಿ, ನೆಲದಿಂದಲೇ.

"ಹಾಗಾದ್ರೆ ಈ ಮನೆ ಬೇಡ. ನಿಮ್ಮಿಬ್ಬರ ಗೊರಕೆ, ಜಗಳ, ಎಲ್ಲಾ ಆ ಕಡೆಗೂ ಹೀಗೇ ಹೋಗುತ್ತೆ."

ಬೇಕಂತಲೇ ಆ ಮಾತು ಆಡಿದಿರಾ ಎಂದು ಹೆಂಡತಿ ಕೇಳಿದ್ದಕ್ಕೆ, ಗೋಡೆ ಪರೀಕ್ಷೆಗೆ ಏನಾದರೂ ಮಾತಾಡಲೇಬೇಕಲ್ಲ ಎಂದಳು.

ಬರುವಾಗ ಮೇಷ್ಟ್ರು ಯಾರಿಗೂ ಹೇಳದೆ ಹೋಗಿ ಮುಂದಿನ ಸೀಟಿನಲ್ಲಿ, ಆಕೆಯ ಪಕ್ಕ ಕೂತರು. ಸಿಗ್ನಲ್ ಇಲ್ಲದೆ ಇನ್ನೊಂದು ತಿರುವು ಆದ ಮೇಲೆ ತಡೆಯಲಾಗಲಿಲ್ಲ.

"ಯಾರು ಪಾಸ್ ಮಾಡಿಸಿದ್ರು ನಿಮ್ಮನ್ನ?"

"ಬೇರೆ ಮೇಷ್ಟ್ರು. ತುಂಬಾ ಒಳ್ಳೆಯವರು. ತಪ್ಪು ಮಾಡಿದ್ರೂ ಚೆನ್ನಾಗಿದೆ ಅನ್ನೋರು."

ನಮ್ಮ ಬಾಮೈದನ ಹಾಗೆ ಎಂದರು ಮೇಷ್ಟ್ರು. ಆಮೇಲೆ, ಬಸ್ಸಿನ ಮಾತು ಆಡಬಾರದಿತ್ತು, ಆದರೆ ಸುಳ್ಳೇನಲ್ಲ ಎಂದರು. ನಾನು ನಿಮಗೆ ಆ ಮನೆ ಬೇಡ ಅಂದದ್ದೂ ಸುಳ್ಳೇನಲ್ಲ ಎಂದಳು ಆಕೆ. ಅಲ್ಲಿಗೆ ಏಜೆಂಟ್ ಯಾರೆಂಬುದು ತೀರ್ಮಾನವಾದ ಹಾಗೆ. ಮುಂದಿನ ಕ್ರಾಸಿನಲ್ಲಿ, ಕನ್ನಡಿ ನೋಡಿ, ಈಗ ಸಿಗ್ನಲ್, ಈಗ ತಿರುಗಿಸಿ ಎಂದು ಮೇಷ್ಟ್ರ ದನಿ ಹಳೆಯ ಲಯಕ್ಕೆ ಬಂತು. ಆಕೆ ಹೇಳಿದ ಹಾಗೇ ಮಾಡಿದಳು.

ತಮ್ಮನಿಗೆ ತಿಳಿಸುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಕನ್ನಡಕದ ಅಂಗಡಿಗೇ ಹೋಗಿ, ಗಿರಾಕಿಗಳಿಲ್ಲದ ಹೊತ್ತು ನೋಡಿ ಹೇಳಿದರು. ಅವನು ಒಂದು ಫ್ರೇಮನ್ನು ಬಟ್ಟೆಯಿಂದ ಉಜ್ಜುತ್ತಲೇ ಇದ್ದ. ಕೊನೆಗೆ, ಅಕ್ಕನೇ ನಂಬದಿದ್ದರೆ ಊರವರು ಯಾಕೆ ನಂಬುತ್ತಾರೆ ಎಂದ. ಹೆಂಡತಿ ನೇರವಾಗಿ ಹೇಳಿದರು, "ನಿನ್ನ ಮೇಲೆ ನಂಬಿಕೆ ಇದೆ ಕಣೋ. ನಿನಗೆ ಎಲ್ಲಾ ಮನೇನೂ ಇಷ್ಟ ಆಗುತ್ತಲ್ಲ, ಅದೇ ಕಷ್ಟ." ಅವನು ಫ್ರೇಮನ್ನು ಪೆಟ್ಟಿಗೆಗೆ ಹಾಕಿ ಒಳಗೆ ಹೋದ. ಅಂದಿನಿಂದ ಫೋನ್ ಎತ್ತಲಿಲ್ಲ. ಹೆಂಡತಿ ಕೆಲವು ದಿನ ಊಟ ಸೇರದೆ ಕೂತರು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೂ ಹಲವು ಮನೆಗಳಿಗೆ ಆ ಏಜೆಂಟ್ ಬೇಡವೆಂದಳು. ಒಂದರ ಮುಂದೆ ಸಂಜೆಯ ಹೊತ್ತು ಕಸದ ಲಾರಿ ನಿಲ್ಲುತ್ತಿತ್ತು, ಇನ್ನೊಂದರ ಸಾಲಿನಲ್ಲಿ ಮಕ್ಕಳ ಧ್ವನಿಗೇ ಆಗದ ನೆರೆಯವರು. ಕಡೆಗೆ ಸಿಕ್ಕಿದ್ದು ಮೂಲೆಯ ಒಂಟಿ ಮನೆ. ಮೊಮ್ಮಕ್ಕಳು ಬಂದು ಉಳಿಯಬಹುದು, ಜಗಳ ಕೇಳಿಸಿಕೊಳ್ಳಲು ಪಕ್ಕದಲ್ಲಿ ಒಂದು ಬೇವಿನ ಮರ ಮಾತ್ರ.

ಸಾಮಾನು ಸಾಗಿಸಿದ ದಿನ ನಾವು ನಾಲ್ಕಾರು ಜನ ಬೀದಿಯವರು ಕೈ ಜೋಡಿಸಲು ಹೋಗಿದ್ದೆವು. ಮಧ್ಯಾಹ್ನದ ಹೊತ್ತಿಗೆ ಬಾಮೈದ ಕರೆಯದೆಯೇ ಬಂದ. ಯಾರನ್ನೂ ಮಾತಾಡಿಸದೆ ಮನೆಯೆಲ್ಲ ಸುತ್ತಿದ. ಆಮೇಲೆ ಬಾಯಿ ಬಿಟ್ಟ. ಬಾಗಿಲು ಕಿರುಗುಟ್ಟುತ್ತದೆ, ಹಜಾರದ ಬಣ್ಣ ಆಸ್ಪತ್ರೆಯ ಹಾಗಿದೆ, ಮರದ ಎಲೆ ಬಿದ್ದು ನೀರು ಕಟ್ಟುತ್ತದೆ, ಕಪಾಟು ಎತ್ತರ, ಗಂಟೆ ಒತ್ತಿದರೆ ಕಪ್ಪೆ ಕೂಗಿದ ಹಾಗೆ ಕೇಳುತ್ತದೆ. ಇಷ್ಟು ವರ್ಷ ಒಂದೂ ಕಾಣದ ದೋಷಗಳೆಲ್ಲ ಒಂದೇ ಮನೆಯಲ್ಲಿ ಅವನಿಗೆ ಕಂಡವು. ಸ್ನಾನದ ಮನೆಯ ನೀರು ಮೂಲೆಗೆ ಹೋಗದೆ ಬಾಗಿಲ ಕಡೆಗೆ ಹರಿಯುತ್ತದೆ ಎಂದಾಗ ಏಜೆಂಟ್ ಹೆಂಗಸು ಒಂದು ಚೊಂಬು ನೀರು ಸುರಿದು ನೋಡಿ, ಇದು ನಿಜ, ನನ್ನ ಕಣ್ಣು ತಪ್ಪಿತು ಎಂದು ಒಪ್ಪಿಕೊಂಡಳು. ಬಾಮೈದನ ಮುಖ ಆ ಕ್ಷಣಕ್ಕೆ ಸಡಿಲವಾಯಿತು. ತನಗೆ ಗೊತ್ತಿರುವ ಗಾರೆಯವನನ್ನು ಕರೆದು ವಾರದೊಳಗೆ ನೆಲ ಸರಿಮಾಡಿಸಿದ್ದೂ ಅವನೇ. ಅವತ್ತು ಅಕ್ಕನ ಕೈಯಿಂದ ಕಾಫಿ ಕುಡಿದು, ಸಕ್ಕರೆ ಸಾಲದು ಎಂದು ಹೇಳಿ ಹೋದ.

ಮೊನ್ನೆ ನಾನು ಹೋಗಿದ್ದಾಗ ಮೇಷ್ಟ್ರು ಒಬ್ಬರೇ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿಕೊಂಡು ನಿಂತಿದ್ದರು. ಬಡಾವಣೆಯವರು ಅವರ ಹೆಂಡತಿಯನ್ನು ನೀರಿನ ಸಮಿತಿಗೆ ಆರಿಸಿದ್ದಾರಂತೆ. ಬೆಳಿಗ್ಗೆ ಹೋದರೆ ಮಧ್ಯಾಹ್ನದವರೆಗೆ ಯಾವುದೋ ಟ್ಯಾಂಕಿನ ಮುಂದೆ ಯಾರದೋ ಜೊತೆ ವಾದ. ನಾನು ಒಲೆ ಒರೆಸಲು ನೆರವಾದೆ. ಹೊರಗೆ ದೂರದಿಂದ ಹೆಂಡತಿಯ ದನಿ ಕೇಳಿಸಿತು, ಉಸಿರು ಕಟ್ಟದೆ, ಎಕ್ಸ್‌ಚೇಂಜಿನ ದಿನಗಳ ಹಾಗೆ ಖಣಖಣ.

"ಪಾಪ, ಇವತ್ತು ಯಾರು ಸಿಕ್ಕಿದ್ರೋ," ಎಂದು ಮೇಷ್ಟ್ರು ಇನ್ನೊಂದು ಲೋಟಕ್ಕೂ ಕಾಫಿ ಬಗ್ಗಿಸಿ ತಟ್ಟೆ ಮುಚ್ಚಿಟ್ಟರು.