ಪೂಜೆಯಾದ ಕ್ಯಾಬಿನೆಟ್ಟಿನ ಮುಂದಿನ ಕಿಂಡಿ

ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಕಷ್ಟಪಟ್ಟು ಓದಿದ್ದೇನೆ. ಅಪ್ಪ ಇಂಡಿ ಪಟ್ಟಣದ ಲಿಂಬೆ ಮಾರುಕಟ್ಟೆಯಲ್ಲಿ ಹಮಾಲ. ಬಿಸಿಎ ಮುಗಿಸಿ ನಾನು ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದಾಗ, ಚೀಲ ಇಳಿಸಿದಲ್ಲೆಲ್ಲ ಅಪ್ಪನದು ಒಂದೇ ಮಾತು: ನನ್ನ ಮಗಳು ಹೊಸ ಕಂಪ್ಯೂಟರನ್ನೇ ಜೋಡಿಸುತ್ತಾಳೆ.

ಆ ಮಾತನ್ನು ಮೊದಲು ನಂಬಿದವರು ಮದುವೆ ವಿಡಿಯೋ ಮಾಡುವ ಸ್ಟುಡಿಯೋದ ಅಣ್ಣ. ಅಲ್ಲಿಯವರೆಗೆ ನನ್ನ ಅಂಗಡಿಗೆ ಬರುತ್ತಿದ್ದದ್ದು ಪ್ರಿಂಟರು, ಕೀಬೋರ್ಡು, ಅಷ್ಟೆ. ಪೂರ್ತಿ ಯಂತ್ರ ಜೋಡಿಸುವ ಕೆಲಸ ಅವರು ಕೊಟ್ಟದ್ದೇ ಮೊದಲು. ಅದು ಕೆಟ್ಟರೆ ಊರಿನವರು ಕಂಪ್ಯೂಟರಿಗಾಗಿ ಮತ್ತೆ ಸೊಲ್ಲಾಪುರದ ದಾರಿ ಹಿಡಿಯುತ್ತಾರೆ, ಮಾರುಕಟ್ಟೆಯಲ್ಲಿ ಅಪ್ಪನ ಮಾತು ನಗೆಪಾಟಲಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ಅಣ್ಣ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರಡಬ್ಬಿ, ತಂದದ್ದು ಸೊಲ್ಲಾಪುರದಿಂದ, ಮದರ್‌ಬೋರ್ಡ್ ಮೊದಲಾದವು ವಿಜಯಪುರದಿಂದ. ಎರಡೂ ಒಳ್ಳೆಯ ಮಾಲೇ. ಒಂದಕ್ಕೊಂದು ಕೂಡುತ್ತವೆಯೇ ಎಂದು ಯಾರೂ ಕೇಳಿರಲಿಲ್ಲ. ಸಾಲದ್ದಕ್ಕೆ, ಒಳಗೆ ಏನೂ ಇಲ್ಲದ ಆ ಖಾಲಿ ಕ್ಯಾಬಿನೆಟ್ಟಿಗೆ ಒಳ್ಳೆಯ ದಿನ ನೋಡಿ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮುಗಿಸಿಬಿಟ್ಟಿದ್ದರು.

ಜೋಡಿಸುವ ದಿನ ಅಪ್ಪ ಮಧ್ಯಾಹ್ನವೇ ಬಂದು ಸ್ಟೂಲಿನ ಮೇಲೆ ಕೂತ. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಗೆ ಕ್ಯಾಬಿನೆಟ್ಟಿನ ಮುಂದಿನ ಟೈಪ್-ಸಿ ಕಿಂಡಿಯಿಂದ ಒಳಗೆ ಬಂದ ವಯರು ಹಿಡಿದುಕೊಂಡು ಬೋರ್ಡಿನಲ್ಲಿ ಅದರ ಜಾಗ ಹುಡುಕಿದೆ. ಇರಲಿಲ್ಲ. ಮುಂಭಾಗಕ್ಕೆಂದು ಬೋರ್ಡಿನಲ್ಲಿದ್ದದ್ದು ಹಳೇ ನಮೂನೆಯ, ಪಿನ್ನುಗಳ ಅಗಲವಾದ ಒಂದು ಜಾಗ ಮಾತ್ರ. ಮುಂದಿನ ಎರಡು ಸಾದಾ ಯುಎಸ್‌ಬಿ ಕಿಂಡಿಗಳ ವಯರು ಆಗಲೇ ಅಲ್ಲಿ ಕೂತಿತ್ತು.

"ಅಣ್ಣಾರ, ಇದು ಕೂಡಂಗಿಲ್ರಿ" ಎಂದೆ.

ಅಪ್ಪನ ಮುಖ ಸಣ್ಣದಾಯಿತು. "ಹಂಗನಬ್ಯಾಡವಾ. ಒಂಚೂರು ಒತ್ತಿ ನೋಡು."

"ಕಾಕಾ, ಇದೇನ್ ಲಿಂಬಿ ಚೀಲೇನ್ರಿ, ಒತ್ತಿ ತುಂಬಾಕ?" ಎಂದು ಅಣ್ಣ ನಕ್ಕರು. ನಗು ಅಲ್ಲಿಗೇ ನಿಂತಿತು. "ಆದ್ರ ತಂಗಿ, ಆ ಸಿ ಕಿಂಡಿ ನೋಡೇ ನಾ ಇದನ್ನ ತಗೊಂಡೇನಿ. ಬೀಗರು ಬಂದು ಕೌಂಟರ್‌ದಾಗ ನಿಂತು, ಫೋನಿಗೆ ವಿಡಿಯೋ ಈಗ ಹಾಕಿಕೊಡು ಅಂತಾರ. ಹಿಂದ ಗ್ವಾಡಿ ಐತಿ, ಕೈ ಹೋಗಂಗಿಲ್ಲ. ಸೊಲ್ಲಾಪುರದಾಗ ಜೋಡಿಸಿದ್ರ ಹತ್ತತಿತ್ತೇನೋ."

"ಇದೇ ಬೋರ್ಡ್ ಒಯ್ದ್ರ ಅಲ್ಲೂ ಹತ್ತಂಗಿಲ್ರಿ. ಡಬ್ಬಿ ವಾಪಸ್ ಕೊಡ್ತೀರೇನು?"

"ಪೂಜಿ ಆದದ್ದನ್ನ ವಾಪಸ್ ಕೊಡ್ತಾರೇನು?"

ಅಪ್ಪ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ವಯರ್ ಒಳಗ ಮಡಚಿಟ್ಟು ಮುಚ್ಚಿಬಿಡು. ತೂತು ಅಂತೂ ಕಾಣತೈತಲ್ಲ."

ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಆಗದು ಎಂದರೆ ಮಗಳಿಗೆ ಬರದು ಎಂದು ಜನ ತಿಳಿದುಕೊಳ್ಳುತ್ತಾರೆ ಎಂಬುದೇ ಅವನ ಅಂಜಿಕೆ. ನಾನು ಓದಿದ್ದು ಯಾಕೆ ಆಗದು ಎಂದು ಬಿಡಿಸಿ ಹೇಳುವುದಕ್ಕೂ ಹೌದು. ಕ್ಯಾಬಿನೆಟ್ಟನ್ನು ಅಣ್ಣನ ಕಡೆ ತಿರುಗಿಸಿ, ವಯರಿನ ತುದಿ, ಬೋರ್ಡಿನ ಜಾಗ ಎರಡನ್ನೂ ತೋರಿಸಿದೆ.

"ಒಂದು ಅಡಾಪ್ಟರ್ ಸಿಗತೈತ್ರಿ. ಅದನ್ನ ಈ ಅಗಲ ಜಾಗಕ್ಕ ಹಾಕಿದ್ರ ಸಿ ಕಿಂಡಿ ನಡೀತೈತಿ. ಆದ್ರ ಜಾಗ ಒಂದೇ, ಮುಂದಿನ ಎರಡು ಸಾದಾ ಕಿಂಡಿ ಬಂದ್ ಆಗ್ತಾವು. ಡಬ್ಬಿ ಮ್ಯಾಲ ಬರೆದಷ್ಟು ಸ್ಪೀಡೂ ಬರಂಗಿಲ್ಲ. ಕ್ಯಾಮೆರಾ ಕಾರ್ಡ್ ಹಾಕಾಕ ಹಿಂದಿನಿಂದ ಉದ್ದ ವಯರ್ ತಂದು ಕೌಂಟರ್ ಮ್ಯಾಲ ಇಡ್ತೇನಿ. ಬ್ಯಾಡಂದ್ರ ಈಗ ಹೇಳ್ರಿ."

ಅಣ್ಣ ಬಗ್ಗಿ ವಯರಿನ ತುದಿಯನ್ನು ಆ ಅಗಲ ಜಾಗಕ್ಕೆ ತಾವೇ ಹಿಡಿದು ನೋಡಿದರು. ಆಮೇಲೆ, "ಸಿ ನಡೀಲಿ" ಎಂದರು.

ಅಡಾಪ್ಟರ್ ವಿಜಯಪುರದಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ಅದು ಬರುವತನಕ ಅಪ್ಪ ದಿನಾ ಸಂಜೆ ಅಂಗಡಿಯಲ್ಲಿ ಇಣುಕಿ ಹೋಗುತ್ತಿದ್ದ. ಬಂತು, ಕೂಡಿಸಿದೆ, ನಡೆಯಿತು. ಸತ್ತ ಎರಡು ಕಿಂಡಿಗಳ ಮೇಲೆ ಕರಿ ಟೇಪು ಅಂಟಿಸಿದಾಗ ಅಣ್ಣ ಮುಖ ಕಿವುಚಿದರು: "ಹೊಸಾ ಡಬ್ಬಿಗೆ ತ್ಯಾಪಿ ಹಚ್ಚಿದಿಯಲ್ಲ ತಂಗಿ!" ನಾನು ತೆಗೆಯಲಿಲ್ಲ. ಬರಿದೇ ಬಿಟ್ಟರೆ ಯಾರೋ ಪೆನ್‌ಡ್ರೈವ್ ಚುಚ್ಚಿ ನೋಡಿ, ಇಡೀ ಯಂತ್ರವೇ ಕೆಟ್ಟಿದೆ ಎನ್ನುತ್ತಾರೆ.

ಆಮೇಲೆ ಆ ಟೇಪಿನ ಬಗ್ಗೆ ಕೇಳಿದವರಿಗೆಲ್ಲ ಅಣ್ಣ ನಡೆದದ್ದನ್ನು ಹೇಳುತ್ತಿದ್ದರಂತೆ. ಕೆಲವು ವಾರದ ಮೇಲೆ ಮೋರಟಗಿಯಿಂದ ಗೊಬ್ಬರದಂಗಡಿಯವರೊಬ್ಬರು ಬಂದರು. ಕಂಪ್ಯೂಟರ್ ಮಾಡಿಸಬೇಕಿತ್ತು, ಕೈಯಲ್ಲಿ ಏನೂ ಇರಲಿಲ್ಲ.

"ಇನ್ನಾ ಏನೂ ತಂದಿಲ್ಲವಾ" ಎಂದರು. "ಯಾವುದು ಯಾವುದಕ್ಕ ಕೂಡಂಗಿಲ್ಲ ಅನ್ನೂದು ಮೊದಲ ಹೇಳು."

ಬಾಗಿಲಲ್ಲಿ ನಿಂತಿದ್ದ ಅಪ್ಪ ಸ್ಟೂಲನ್ನು ಎಳೆದು ಅವರಿಗೆ ಕೊಟ್ಟ.